ಉಪವಾಸ ಎಂದು ಗುರುತಿಸಲಾಗಿದೆ

ಸೋಮವಾರ ಬೆಳಿಗ್ಗೆ ಹೇಮಚಂದ್ರನ ಎದುರು ಒಂದು ಗಹನವಾದ ಪ್ರಶ್ನೆ ಎದ್ದು ನಿಂತಿತು. ದೇಶಗಳು ಬಾಗಿಲು ಹಾಕಿಕೊಂಡು ಕೂತಿದ್ದ, ಸಂಜೆಯಾದರೆ ಟಿವಿಯಲ್ಲಿ ಸತ್ತವರ ಲೆಕ್ಕ ಓದುತ್ತಿದ್ದ ಆ ಕಾಲದಲ್ಲಿ ಇಷ್ಟು ತೂಕದ ಪ್ರಶ್ನೆ ಡಬ್ಲಿನ್ ಅಂಚಿನ ಲೂಕನ್ನಿನ ಇನ್ನಾವ ಮನೆಯಲ್ಲೂ ಎದ್ದಿರಲಾರದು. ಎಡ ಮುಂಗೈಗೆ ಕಟ್ಟಿದ ಪಟ್ಟಿಯನ್ನು ಬಿಚ್ಚಿಟ್ಟು ಹೆಂಡತಿ ಮಗಳಿರುವ ಅತ್ಲೋನಿಗೆ ಹೋಗಬೇಕೋ, ಕಟ್ಟಿಕೊಂಡೇ ಹೋಗಬೇಕೋ? ಸ್ನಾನ ಮಾಡುವಾಗ ಅವನು ಒಂದು ತೀರ್ಮಾನಕ್ಕೆ ಬಂದ, ಮೈ ಒರೆಸಿಕೊಳ್ಳುವಾಗ ಅದರ ವಿರುದ್ಧದ ತೀರ್ಮಾನಕ್ಕೆ ಬಂದ, ಉಪ್ಪಿಟ್ಟಿನ ನೀರು ಕುದಿಯುವಷ್ಟು ಹೊತ್ತು ಎರಡನ್ನೂ ತೂಗಿ ನೋಡಿದ. ಪಟ್ಟಿಯ ಅಡಿ ಚರ್ಮ ಕೆಂಪಾಗಿ ತುರಿಸುತ್ತಿತ್ತು. ಬಿಚ್ಚುವುದಕ್ಕೆ ಅದೊಂದು ಮರ್ಯಾದಸ್ಥ ನೆಪ. ಆದರೆ ಬಿಚ್ಚಿದರೆ ಪರದೆಯ ಮೇಲೆ ತನ್ನ ಹದಿನಾಲ್ಕನೇ ನಂಬರಿನ ಸಾಲಿನಲ್ಲಿ ಖಾಲಿ ಜಾಗ ಬೀಳುತ್ತದೆ, ಖಾಲಿ ಜಾಗ ಬಿದ್ದರೆ ಮ್ಯಾನೇಜರ್ ಡೆಕ್ಲನ್ ಯಾಕೆಂದು ಕೇಳುತ್ತಾನೆ. ಬಿಚ್ಚದಿದ್ದರೆ, ಹೆಂಡತಿಯ ಮನೆಯ ಕರೆಗಂಟೆ ಒತ್ತುವ ಗಳಿಗೆಯಲ್ಲಿ ಹೇಮಚಂದ್ರನ ಎದೆ ಏನು ಮಾಡಿತೆಂಬುದು ಇಡೀ ತಂಡಕ್ಕೆ ಬಣ್ಣದ ಗೆರೆಗಳಲ್ಲಿ ಕಾಣಿಸುತ್ತದೆ.

ಪಟ್ಟಿ ಅವನ ಕಂಪನಿಯದೇ. ನಾಡಿ, ಉಸಿರು, ಚರ್ಮದ ಬಿಸಿ, ಬೆವರು, ರಕ್ತದ ಆಮ್ಲಜನಕ, ಮೈಯ ಅಲುಗಾಟ ಇಷ್ಟನ್ನೂ ಹಿಡಿದು ಕಳಿಸುವುದು ಅದರ ಕೆಲಸ; ಕಳಿಸಿದ್ದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ, ಈ ಮನುಷ್ಯ ನೆಟ್ಟಗಿದ್ದಾನೋ ಕಾಯಿಲೆ ಬೀಳುವುದರಲ್ಲಿದ್ದಾನೋ ಎಂದು ಹೇಳುವ ಗಣಿತ ಹೇಮಚಂದ್ರನದು. ಒಂದೊಂದೇ ಸಂಕೇತವನ್ನು ವಿಚಾರಿಸಿದರೆ ಪ್ರತಿಯೊಂದೂ ಏನೋ ಒಂದು ನೆಪ ಹೇಳಿ ಜಾರಿಕೊಳ್ಳುತ್ತದೆ, ಎಲ್ಲವನ್ನೂ ಒಟ್ಟಿಗೆ ಕೂರಿಸಿ ಕೇಳಬೇಕು, ಎಂದು ಅವನು ಹೂಡಿಕೆದಾರರ ಮುಂದೆ ಹೇಳಿದ ಮಾತನ್ನು ಡೆಕ್ಲನ್ ಕಂಪನಿಯ ವೆಬ್‌ಸೈಟಿನಲ್ಲಿ ಅವನ ಹೆಸರು ಬಿಟ್ಟು ದಪ್ಪಕ್ಷರದಲ್ಲಿ ಹಾಕಿಸಿದ್ದ. ಪಟ್ಟಿ ಕಟ್ಟಿಕೊಂಡ ಸ್ವಯಂಸೇವಕರಿಗೆ ಹೆಸರಿಲ್ಲ, ನಂಬರಷ್ಟೇ. ಒಟ್ಟು ಲೆಕ್ಕ ಕೆಟ್ಟರೆ ನಂಬರು ಕೆಂಪಾಗುತ್ತದೆ, ಆ ಮನುಷ್ಯನ ಫೋನಿಗೆ ಟೆಸ್ಟ್ ಮಾಡಿಸಿಕೊಳ್ಳಿ ಎಂಬ ಸಂದೇಶ ಹೋಗುತ್ತದೆ. ಹೋಗುವ ಮುಂಚೆ ಒಬ್ಬರು ಕೂತು ನೋಡಬೇಕು: ಓಡಲು ಹೋಗಿದ್ದನೋ, ಕುಡಿದಿದ್ದನೋ, ಲಸಿಕೆಯ ಜ್ವರವೋ. ಅಂಥ ಕಾರಣವಿದ್ದರೆ ಅದನ್ನು ಗುರುತು ಮಾಡಿದರಾಯಿತು, ಸಂದೇಶ ನಿಲ್ಲುತ್ತದೆ. ಆ ಕೂತು ನೋಡುವವನೂ ಹೇಮಚಂದ್ರನೇ. ಹೋದ ಗುರುವಾರದಿಂದ ಏಳನೇ ನಂಬರು ದಿನಾ ಬೆಳಿಗ್ಗೆ ಕೆಂಪಾಗುತ್ತಿತ್ತು. ದಿನಾ ಬೆಳಿಗ್ಗೆ ಅವನು ಅದರ ಮುಂದೆ ‘ಉಪವಾಸ’ ಎಂದು ಗುರುತು ಮಾಡುತ್ತಿದ್ದ. ಇವತ್ತೂ ಕೆಂಪಾಗಿತ್ತು, ಇವತ್ತೂ ಮಾಡಿದ್ದ. ಉಪ್ಪಿಟ್ಟು ತಳ ಹಿಡಿದಿತ್ತು.

ಏಳು ಯಾರೆಂದು ಅವನಿಗೆ ಗೊತ್ತಿರಬಾರದು. ಗೊತ್ತಿತ್ತು. ಸ್ವಯಂಸೇವಕರು ಸಾಲದೆ ಡೆಕ್ಲನ್ ಪರದಾಡುತ್ತಿದ್ದಾಗ ಲೂಕನ್ನಿನಲ್ಲಿ ದಿನಸಿ ಅಂಗಡಿ ಇಟ್ಟಿರುವ ಶೌಕತ್‌ನನ್ನು ಹಿಡಿದು ತಂದವನು ಅವನೇ. ಶೌಕತ್ ಹುಬ್ಬಳ್ಳಿಯವನು, ಮನೆ ಮೂರು ಮೈಲಿ ಆಚೆ ಲೀಕ್ಸ್‌ಲಿಪ್ಪಿನಲ್ಲಿ. ತೊಗರಿಬೇಳೆ ತೂಗುತ್ತ ಅವನು ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಇದು ನನ್ನ ಎದಿಯೊಳಗಿನ ಮಾತು ನಿಮಗ ಹೇಳ್ತದೇನ್ರಿ, ಹಂಗಾದ್ರ ನನ್ನ ಹೆಂಡತಿಗೆ ಒಂದು ಕೊಡ್ರಿ, ಆಕಿ ಇಪ್ಪತ್ತು ವರ್ಷದಿಂದ ಕೇಳ್ಲಿಕತ್ತಾಳ, ಎಂದಿದ್ದ. ನಂಬರು ಯಾವುದೆಂದು ಅವನು ಹೇಳಲಿಲ್ಲ, ಇವನು ಕೇಳಲಿಲ್ಲ. ಆದರೆ ಇಪ್ಪತ್ತು ಚಿಲ್ಲರೆ ಮೈಗಳಲ್ಲಿ ಒಂದೇ ಒಂದು ಮೈ ದಿನಕ್ಕೆ ಐದು ಸಲ ನಿಂತು, ಬಾಗಿ, ನೆಲಕ್ಕೆ ಹಣೆ ಮುಟ್ಟಿಸಿ, ಮತ್ತೆ ಏಳುತ್ತಿತ್ತು. ಅಲುಗಾಟದ ಗೆರೆಯಲ್ಲಿ ಅದು ಕೊಳದ ಮೇಲಿನ ಅಲೆಗಳ ಹಾಗೆ ಕಾಣುತ್ತಿತ್ತು, ಅದರ ಕೆಳಗೆ ಉಸಿರು ಉದ್ದವಾಗುತ್ತಿತ್ತು, ನಾಡಿ ಇಳಿಯುತ್ತಿತ್ತು. ಮೊದಲ ಸಲ ನೋಡಿದಾಗ ಹೇಮಚಂದ್ರನಿಗೆ ಯಾರದೋ ಸ್ನಾನದ ಮನೆಯ ಬಾಗಿಲು ಅರ್ಧ ತೆರೆದಿದ್ದನ್ನು ಕಂಡಂತೆ ಮುಜುಗರವಾಗಿತ್ತು. ಆಮೇಲೆ ಅಭ್ಯಾಸವಾಯಿತು. ಉಪನಯನವಾದ ವರ್ಷವೇ ಸಂಧ್ಯಾವಂದನೆಗೆ ನಮಸ್ಕಾರ ಹಾಕಿದ್ದ ಹೇಮಚಂದ್ರ ಈಗ ಏಳನೇ ನಂಬರಿನ ನಮಾಜಿಗೆ ಸರಿಯಾಗಿ ಕಾಫಿ ಕುಡಿಯುತ್ತಿದ್ದ, ಸಂಜೆಯದು ಮುಗಿದ ಮೇಲೆ ದೀಪ ಹಾಕುತ್ತಿದ್ದ. ಊಟದ ನಂತರ ಆ ಮೈ ಸಣ್ಣಸಣ್ಣಗೆ ಕುಲುಕುತ್ತಿತ್ತು, ಉಸಿರು ಚೂರುಚೂರಾಗುತ್ತಿತ್ತು. ಗಣಿತ ಅದನ್ನು ಕೆಮ್ಮು ಎಂದಿತು. ಅದು ನಗು ಎಂದು ಹೇಮಚಂದ್ರನಿಗೆ ಗೊತ್ತಾಗಲು ಒಂದು ವಾರ ಹಿಡಿಯಿತು. ಹೆಂಡತಿ ಮಕ್ಕಳ ನಡುವೆ ಕೂತ ಗಂಡಸೊಬ್ಬ ನಗುತ್ತಿದ್ದಾನೆ. ತನ್ನ ತಟ್ಟೆಯನ್ನು ಲ್ಯಾಪ್‌ಟಾಪಿನ ಪಕ್ಕಕ್ಕೆ ತಂದಿಟ್ಟುಕೊಂಡು, ಆ ಹೊತ್ತಿಗೆ ಸರಿಯಾಗಿ ಊಟಕ್ಕೆ ಕೂರತೊಡಗಿದ. ಇದನ್ನು ಯಾರಿಗೂ ಹೇಳುವಂತಿರಲಿಲ್ಲ. ಹೇಳಿದರೂ ಇದು ಯಾವ ಜಾತಿಯ ಕಳ್ಳತನವೆಂದು ಕೇಳಿದವರಿಗೆ ತಿಳಿಯುತ್ತಿರಲಿಲ್ಲ.

ಅವನದೇ ಗೆರೆಗಳ ವಿಷಯ ಬೇರೆ. ಮಾರ್ಚಿನ ಒಂದು ವಿಡಿಯೋ ಮೀಟಿಂಗಿನಲ್ಲಿ ಡೆಕ್ಲನ್, ಅದು ಯಾರೆಂದು ತಿಳಿಯದೆ, ಹದಿನಾಲ್ಕನೇ ನಂಬರನ್ನು ಪರದೆಗೆ ತಂದು, ಇದು ಮನುಷ್ಯನೋ, ಯಾರಾದರೂ ಪಟ್ಟಿಯನ್ನು ಸೋಫಾದ ಕಾಲಿಗೆ ಕಟ್ಟಿದ್ದಾರೋ, ಎಂದ. ಎಲ್ಲ ಚೌಕಗಳಲ್ಲೂ ಹಲ್ಲು ಕಾಣಿಸಿದವು. ಏರಿಲ್ಲ, ಇಳಿವಿಲ್ಲ, ಬಾಗುವುದಿಲ್ಲ, ಕುಲುಕುವುದಿಲ್ಲ. ದಿನಕ್ಕೊಮ್ಮೆ ಬಾಗಿಲವರೆಗೆ ಹೋಗಿ ಬರುತ್ತದೆ. ಆರೋಗ್ಯವೆಂದರೆ ಇದೇ, ಉಳಿದವರನ್ನೆಲ್ಲ ಇದಕ್ಕೆ ಹೋಲಿಸಿ ನೋಡೋಣ, ಹೀ ಈಸ್ ಗ್ರಾಂಡ್, ಎಂದು ಡೆಕ್ಲನ್ ತೀರ್ಪು ಕೊಟ್ಟ. ಎಲ್ಲರಿಗಿಂತ ಜೋರಾಗಿ ನಕ್ಕವನು ಹೇಮಚಂದ್ರ. ನಗುವಾಗ ತನ್ನ ಗೆರೆ ಅಲುಗಿಬಿಟ್ಟೀತೆಂದು ಎಡಗೈಯನ್ನು ಮೇಜಿನ ಕೆಳಗೆ ಬಿಗಿಯಾಗಿ ಹಿಡಿದುಕೊಂಡಿದ್ದ.

ಹನ್ನೊಂದಾಗುವ ಹೊತ್ತಿಗೆ ಅವನು ಕಾರು ತೆಗೆದ. ಪಟ್ಟಿ ಕೈಮೇಲೆಯೇ ಇತ್ತು. ಪ್ರಶ್ನೆ ಬಗೆಹರಿದಿರಲಿಲ್ಲ, ಹೊತ್ತಾಗಿತ್ತಷ್ಟೇ. ಅವತ್ತಿನಿಂದ ಕೌಂಟಿಯ, ಅಂದರೆ ಜಿಲ್ಲೆಯ, ಗಡಿ ದಾಟಬಹುದೆಂದು ಸರ್ಕಾರ ಅಪ್ಪಣೆ ಕೊಟ್ಟಿತ್ತು. ಪಶ್ಚಿಮಕ್ಕೆ ಹೋಗುವ ಹೆದ್ದಾರಿ ಜಾತ್ರೆಯಂತಿತ್ತು, ಕಾರುಗಳ ಹಿಂದಿನ ಕಿಟಕಿಗಳಲ್ಲಿ ನಾಯಿಗಳು, ಹೂಗುಚ್ಛಗಳು, ಅಜ್ಜಿಗೆಂದು ಒಯ್ಯುವ ಕೇಕಿನ ಡಬ್ಬಿಗಳು. ಜಗತ್ತಿಗೆಲ್ಲ ಶಾಪವಾಗಿದ್ದ ಗಡಿ ಹೇಮಚಂದ್ರನಿಗೆ ಎಷ್ಟು ಅನುಕೂಲವಾಗಿತ್ತೆಂದು ಅದು ತೆರೆದ ದಿನವೇ ತಿಳಿದದ್ದು. ಹೆಂಡತಿ ಚಿತ್ರಾ ಅತ್ಲೋನಿನ ಕಾಲೇಜಿನಲ್ಲಿ ಪಾಠ ಹೇಳಲು ಹೋದವಳು ಮಗಳು ತನ್ವಿಯನ್ನೂ ಕರೆದುಕೊಂಡು ಅಲ್ಲೇ ನಿಂತಿದ್ದಳು. ಅದಕ್ಕೆ ಇಬ್ಬರೂ ಏನೂ ಹೆಸರಿಟ್ಟಿರಲಿಲ್ಲ, ನೆಂಟರು ಕೇಳಿದರೆ ಲಾಕ್‌ಡೌನ್ ಎನ್ನುತ್ತಿದ್ದರು. ಭಾನುವಾರದ ವಿಡಿಯೋದಲ್ಲಿ ಅವನು ಕನ್ನಡದಲ್ಲಿ ಕೇಳುವುದು, ತನ್ವಿ ಅಲ್ಲಿಯವರ ರಾಗದ ಇಂಗ್ಲಿಷಿನಲ್ಲಿ ‘ಗ್ರಾಂಡ್, ಡ್ಯಾಡ್’ ಎನ್ನುವುದು; ಅಲ್ಲಿ ಆರಾಮು ಎನ್ನಲು ಅದೇ ಮಾತು. ಸ್ಕೂಲು? ಗ್ರಾಂಡ್. ಅಮ್ಮ? ಗ್ರಾಂಡ್. ನಿನ್ನೆ ಮಾತ್ರ ಅವಳು, ನಾಳೆಯಿಂದ ಬರಬಹುದಂತೆ, ಬರ್ತೀಯಾ, ಎಂದು ಕನ್ನಡದಲ್ಲೇ ಕೇಳಿದ್ದಳು. ಅದು ಅವನಿಗೆ ನೋವಿನಂತೆ ತಾಗಿ, ಬರ್ತೀನಿ ಎಂದುಬಿಟ್ಟಿದ್ದ.

ಪಕ್ಕದ ಸೀಟಿನಲ್ಲಿ ಚಕ್ಕುಲಿ, ಕೋಡುಬಳೆಯ ಪೊಟ್ಟಣ. ಶುಕ್ರವಾರ ಶೌಕತ್‌ನ ಅಂಗಡಿಯಲ್ಲಿ ಕೊಂಡದ್ದು. ಗಲ್ಲಾದ ಹಿಂದೆ ಶೌಕತ್ ಇರಲಿಲ್ಲ, ಕೆಲಸಕ್ಕಿದ್ದ ಹುಡುಗಿ ಇದ್ದಳು. ಬಾಸ್‌ಗೆ ಸುಸ್ತು, ರಂಜಾನ್ ಅಲ್ವಾ, ಎಂದಳು. ರಂಜಾನ್ ಹೌದು, ಎಂದು ಇವನೂ ತಲೆಯಾಡಿಸಿ ಚಿಲ್ಲರೆ ಎಣಿಸಿಕೊಂಡ. ಮೈಸೂರಿನ ಅವರ ಮನೆಯಲ್ಲಿ ಏಕಾದಶಿಯ ದಿನ ಅಮ್ಮನಿಗೆ ಆಯಾಸವಾಯಿತೇ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದರೆ ವ್ರತವನ್ನು ಕುಲುಕಿದಂತೆ. ಒಮ್ಮೆ ಅವಳು ಒರಳಿನ ಮುಂದೆ ಕೂತವಳು ಅಲ್ಲೇ ಒರಗಿಕೊಂಡಾಗಲೂ ಅಪ್ಪ ಪೇಪರು ಮಡಿಸಿ, ಇವತ್ತು ಏಕಾದಶಿ ಕಣೋ, ಎಂದಷ್ಟೇ ಹೇಳಿ ಮತ್ತೆ ಬಿಡಿಸಿಕೊಂಡಿದ್ದರು. ಅವಳಿಗೆ ಕಾಮಾಲೆ ಎಂದು ಗೊತ್ತಾದದ್ದು ದ್ವಾದಶಿಯ ಪಾರಣೆ ಮುಗಿದ ಮೇಲೆ. ಹಾಗೆ ಕೇಳದಿರುವ ಅಭ್ಯಾಸವನ್ನು ತಾನು ಅಲ್ಲಿಂದ ಇಲ್ಲಿಯವರೆಗೆ ಹೊತ್ತು ತಂದಿರಬಹುದೆಂದು ಹೇಮಚಂದ್ರನಿಗೆ ಹೊಳೆದಿರಲಿಲ್ಲ. ಸೂಟ್‌ಕೇಸಿನಲ್ಲಿ ಹಾಕಿಕೊಂಡದ್ದೆಲ್ಲ ಉಪ್ಪಿನಕಾಯಿ, ಸಾರಿನಪುಡಿ ಎಂದುಕೊಂಡಿದ್ದ.

ರಂಜಾನಿನ ಮೊದಲ ವಾರ ಗಣಿತ ಶೌಕತ್‌ನನ್ನು ಎರಡು ಸಲ ರೋಗಿಯೆಂದು ಸಾರಿತ್ತು. ಅರ್ಧ ನಿದ್ದೆ, ಒಣಗಿದ ಮೈ, ಹೊತ್ತುತಪ್ಪಿದ ಊಟ, ಅದಕ್ಕೇನು ಗೊತ್ತು. ಸರಿಯಾಗಿ ಉಪವಾಸ ಬಿಡುವ ಹೊತ್ತಿಗೆ ಸಂದೇಶ ಬಂತಂತೆ, ಖರ್ಜೂರ ಬಾಯಿಗಿಟ್ಟುಕೊಂಡವರೆಲ್ಲ ಹಾಗೇ ಕೂತರಂತೆ, ಎರಡೂ ಸಲ ಟೆಸ್ಟ್ ಮಾಡಿಸಿದರೆ ಏನೂ ಇಲ್ಲ. ಅಂಗಡಿಯಲ್ಲಿ ನಾಲ್ಕು ಗಿರಾಕಿಗಳ ಎದುರಿಗೇ ಶೌಕತ್ ಹೇಳಿದ್ದ: “ಏನ್ರಿ ಇಂಜಿನಿಯರ್ ಸಾಹೇಬ್ರ, ನಿಮ್ಮ ಮಷೀನಿಗೆ ಒಂದೀಟು ಮುಸಲ್ಮಾನರ ಪರಿಚಯ ಮಾಡಸ್ರಿ. ವರ್ಷಕ್ಕ ಒಂದು ತಿಂಗಳು ನಾವು ಹಿಂಗ ಇರ್ತೀವಿ.” ಎಲ್ಲರೂ ನಕ್ಕರು, ಶೌಕತ್ ಪ್ರೀತಿಯಿಂದಲೇ ನಕ್ಕ, ಹೇಮಚಂದ್ರನ ಕಿವಿ ಮಾತ್ರ ಬಿಸಿಯಾದವು. ಅವತ್ತೇ ಮನೆಗೆ ಬಂದು ಕಾರಣಗಳ ಸಾಲಿಗೆ ‘ಉಪವಾಸ’ ಎಂಬುದನ್ನು ಸೇರಿಸಿದ. ಬೇರೆ ಯಾವ ಕಂಪನಿಯವರಿಗೂ ಈ ಸೂಕ್ಷ್ಮ ಹೊಳೆದಿರಲಾರದೆಂದು ಡೆಕ್ಲನ್ ಮೆಚ್ಚಿ ಎಲ್ಲರಿಗೂ ಈಮೇಲ್ ಕಳಿಸಿದ. ನಾಲ್ಕು ವರ್ಷದ ನೌಕರಿಯಲ್ಲಿ ಹೇಮಚಂದ್ರನ ಹೆಸರು ದಪ್ಪಕ್ಷರದಲ್ಲಿ ಕಂಡದ್ದು ಅದೊಂದೇ ಸಲ.

ಹಾಗಾಗಿ ಗುರುವಾರ ಏಳು ಮತ್ತೆ ಕೆಂಪಾದಾಗ ಅವನು ತಿಳಿದವನಾಗಿದ್ದ. ನಿದ್ದೆ ಹರಿದಿದೆ; ಸೆಹ್ರಿಗೆ, ನಸುಕಿನ ಊಟಕ್ಕೆ, ಎದ್ದಿರಬೇಕು. ಉಸಿರು ಜೋರು, ಮನೆಯಲ್ಲೇ ತರಾವೀಹ್, ಉದ್ದದ ನಮಾಜು. ಚರ್ಮ ಬಿಸಿ, ಸಮೋಸ ಕರಿಯುವ ಒಲೆಯ ಹತ್ತಿರ ಕೂತಿರಬೇಕು. ಆಮ್ಲಜನಕ ಸ್ವಲ್ಪ ಕೆಳಗೆ. ಪಟ್ಟಿ ಸಡಿಲ, ರಂಜಾನಿನಲ್ಲಿ ಕೈ ಸೊರಗಿರುತ್ತದೆ. ಒಂದೊಂದನ್ನೂ ಅವನು ಹತ್ತಿರದ ನೆಂಟನಂತೆ ವಿಚಾರಿಸಿದ, ಒಂದೊಂದೂ ನಂಬುವಂಥ ಉತ್ತರ ಕೊಟ್ಟಿತು. ತಲೆನೋವು ಅಂದ್ರೆ ಮಾತ್ರೆ ತಂದ್ರಿ, ಎಂದು ಚಿತ್ರಾ ಮೆಟ್ಟಿಲ ಮೇಲೆ ಕೂತು ಹೇಳಿದ್ದಳು, ಅತ್ಲೋನಿಗೆ ಹೋಗುವ ಮುಂಚಿನ ವಾರ, ಮಡಿಲಲ್ಲಿ ಮಡಿಸದ ಬಟ್ಟೆಯ ರಾಶಿ ಇಟ್ಟುಕೊಂಡು. “ನಿದ್ದೆ ಬರಲ್ಲ ಅಂದ್ರೆ ದಿಂಬು ತಂದ್ರಿ. ಊಟ ಸೇರಲ್ಲ ಅಂದ್ರೆ ಡಬ್ಲಿನ್ ಪೂರ್ತಿ ಸುತ್ತಿ ಮಾವಿನಕಾಯಿ ತಂದ್ರಿ. ನನಗೇನಾಗಿದೆ ಅಂತ ಒಂದು ಸಲ ಕೇಳಿದ್ರಾ?” ಆಗ ಅವನ ಮನಸ್ಸಿಗೆ ಬಂದದ್ದು ಆ ಮಾವಿನಕಾಯಿ ಸಿಗಲು ಎಷ್ಟು ಕಷ್ಟವಾಯಿತೆಂಬುದು. ಅದನ್ನೇ ಹೇಳಿದ. ಅವಳು ಬಟ್ಟೆ ಮಡಿಸಲು ತೊಡಗಿದಳು.

ಹೆದ್ದಾರಿಯಲ್ಲಿ ಲೀಕ್ಸ್‌ಲಿಪ್ಪಿನ ಫಲಕ ಬಂತು. ಅವನ ಕಾಲು ತಾನಾಗಿ ವೇಗ ತಗ್ಗಿಸಿತು. ಶೌಕತ್‌ನಿಗಾಗಿ ತಿರುಗಿಸಿದೆ ಎಂದು ಆಮೇಲೆ ಅವನು ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡ. ನಿಜವೆಂದರೆ ಅತ್ಲೋನ್ ತೀರ ಬೇಗ ಹತ್ತಿರವಾಗುತ್ತಿತ್ತು. ಅರ್ಧ ಗಂಟೆ ಕಳೆಯಲು ಅವನಿಗೊಂದು ಊರು ಬೇಕಿತ್ತು. ಪೆಟ್ರೋಲ್ ಬಂಕಿನ ಬದಿಗೆ ನಿಲ್ಲಿಸಿ ಕಾಫಿ ಕೊಂಡು, ಕಾರಿನಲ್ಲೇ ಕೂತು ಫೋನು ತೆಗೆದ. ಲೂಕನ್ ಕನ್ನಡಿಗರ ವಾಟ್ಸಪ್ಪಿನಲ್ಲಿ ಬೆಂಗಳೂರಿನಿಂದ ಆಮ್ಲಜನಕ ಬೇಕೆಂಬ ಮೊರೆಗಳು ಒಂದರ ಮೇಲೊಂದು ಬಿದ್ದಿದ್ದವು; ರಾಜಾಜಿನಗರ, ಅರವತ್ತೆರಡು ವರ್ಷ, ತುರ್ತು. ಅವನು ಎರಡನ್ನು ಬೇರೆ ಗುಂಪಿಗೆ ಕಳಿಸಿದ. ಆಮೇಲೆ ಅಭ್ಯಾಸದ ಮೇಲೆ ಏಳನ್ನು ತೆರೆದ.

ನಿನ್ನೆ ಮಧ್ಯಾಹ್ನದಿಂದ ಅಲೆಗಳಿರಲಿಲ್ಲ. ಅಲುಗಾಟದ ಗೆರೆ ತನ್ನದೇ ಗೆರೆಯ ಹಾಗೆ ಚಪ್ಪಟೆಯಾಗಿ ಹೋಗುತ್ತಿತ್ತು, ಸೋಫಾದ ಹಾಗೆ. ಅದರ ಕೆಳಗೆ ಮಾತ್ರ ನಾಡಿ ಓಡುತ್ತಿತ್ತು, ಎಲ್ಲಿಗೂ ಹೋಗದ ಮೈಯೊಳಗೆ. ಊಟದ ನಂತರದ ಕುಲುಕಾಟವಿತ್ತು. ಅದು ಉದ್ದವಾಗಿತ್ತು, ನಡುನಡುವೆ ನಿಂತು ಮತ್ತೆ ಹತ್ತಿಕೊಳ್ಳುತ್ತಿತ್ತು. ನಿನ್ನೆ ಅನ್ನ ಕಲಸುತ್ತ ಅದನ್ನು ನೋಡಿ, ಇವತ್ತು ಏನೋ ಭಾರೀ ತಮಾಷೆ ನಡೆದಿದೆ ಎಂದು ತಾನೂ ಸಣ್ಣಗೆ ನಕ್ಕಿದ್ದು ಅವನಿಗೆ ನೆನಪಾಯಿತು. ಗಣಿತ ಅದನ್ನು ಕೆಮ್ಮು ಎಂದು ಬರೆದಿತ್ತು. ಫೋನ್ ಮಾಡೋಣವೆಂದು ಹೆಸರು ತೆಗೆದ. ಏನೆಂದು ಕೇಳುವುದು? ನಿಮ್ಮ ನಮಾಜು ಕಾಣಿಸುತ್ತಿಲ್ಲ ಎಂದೇ? ಕಾಫಿಯ ಲೋಟ ಎಲ್ಲಿ ಇಟ್ಟನೋ, ಸೀಟೆಲ್ಲ ಒದ್ದೆಯಾಯಿತು.

ಬಾಗಿಲು ತೆರೆದವಳು ಫರ್ಹತ್, ಶೌಕತ್‌ನ ಹೆಂಡತಿ. ದುಪಟ್ಟಾವನ್ನೇ ಮೂಗಿಗೆ ಒತ್ತಿ ಹಿಡಿದಿದ್ದಳು.

“ಅಯ್ಯ, ಅಣ್ಣಾರ! ಅಲ್ಲೇ ನಿಂದರ್ರಿ, ಒಳಗ ಬರಬ್ಯಾಡ್ರಿ. ಮಕ್ಕಳಿಗೆ ನೆಗಡಿ ಆಗೇತಿ.”

ಹೇಮಚಂದ್ರ ಗೇಟಿನ ಆಚೆಯೇ ನಿಂತ. ಅತ್ಲೋನಿಗೆ ಹೊರಟಿದ್ದೆ, ದಾರಿಯಲ್ಲಿ ಹಾಗೇ ಬಂದೆ, ಎಂದ. ಕೈಯಲ್ಲಿ ಏನಾದರೂ ಇರಲೆಂದು ತಂದಿದ್ದ ಚಕ್ಕುಲಿಯ ಪೊಟ್ಟಣ ಅವರದೇ ಅಂಗಡಿಯದೆಂದು ಆಗ ಹೊಳೆದು ಅದನ್ನು ಬೆನ್ನ ಹಿಂದೆ ಮಾಡಿಕೊಂಡ. ಶೌಕತ್ ಭಾಯ್ ಹೇಗಿದ್ದಾರೆ?

ಮಲಗ್ಯಾರ, ಎಂದಳು. ನಿನ್ನೆಯಿಂದ ಏಳುತ್ತಿಲ್ಲವೆಂದೂ, ರೋಜಾದ ಉಪವಾಸ ಬಿಡಿ ಎಂದರೆ ಇನ್ನೇನು ಹಬ್ಬ ಬಂತು ಎನ್ನುತ್ತಾರೆಂದೂ, ಡಾಕ್ಟರಿಗೆ ಫೋನ್ ಹಚ್ಚಲು ಹೋದರೆ ಕೈ ಹಿಡಿದುಕೊಂಡರೆಂದೂ ಹೇಳಿದಳು. ಅವಳ ಹಿಂದೆ, ಒಳಗಿನಿಂದ ಆ ಕುಲುಕಾಟ ಕೇಳಿಸಿತು. ಇಷ್ಟು ದಿನ ಅವನು ಅದನ್ನು ಕಂಡಿದ್ದ, ಕೇಳಿರಲಿಲ್ಲ.

“ನನಗ ಏನೂ ಆಗಿಲ್ಲ ಅಂತಾರ್ರಿ. ಹೇಮಣ್ಣಾರು ದಿನಾ ನನ್ನ ಎದಿ ನೋಡ್ಲಿಕತ್ತಾರ ಅಂತಾರ. ಮಷೀನ ಮೊದಲ ಸುಮ್ಮಸುಮ್ಮನ ಒದರತಿತ್ತು, ಅವರು ಅದನ್ನ ರಿಪೇರಿ ಮಾಡ್ಯಾರ, ಈಗ ಸುಮ್ಮನ ಐತಿ ಅಂದ್ರ ನಾ ಆರಾಮ ಅದೀನಿ ಅಂತನ ಅರ್ಥ, ಅಂತಾರ.” ಅವಳು ದುಪಟ್ಟಾ ಕೆಳಗೆ ಬಿಟ್ಟಳು. “ಹೌದಲ್ರಿ ಅಣ್ಣಾರ? ಆರಾಮ ಅದಾರಲ್ಲ?”

ಪಕ್ಕದ ಮನೆಯ ಮುದುಕ ಹುಲ್ಲು ಕತ್ತರಿಸುವ ಯಂತ್ರ ಆರಿಸಿ ಇವರತ್ತ ನೋಡಿದ. ಹೇಮಚಂದ್ರನ ಬಾಯಿ ಒಣಗಿತ್ತು, ಅಂಗೈ ಒದ್ದೆಯಾಗಿತ್ತು; ಇವುಗಳನ್ನು ಬೇರೆಬೇರೆಯಾಗಿ ಏನೆನ್ನುತ್ತಾರೆಂದು ಅವನಿಗೆ ಗೊತ್ತಿತ್ತು.

“ಇಲ್ಲ,” ಎಂದ. “ಆಂಬುಲೆನ್ಸ್‌ಗೆ ಫೋನ್ ಮಾಡಿ. ಈಗಲೇ.”

ಅವಳು ಅಲ್ಲಾಡಲಿಲ್ಲ. ಅವನ ಮುಖವನ್ನು, ಆಮೇಲೆ ಅವನ ಮುಂಗೈಯನ್ನು ನೋಡಿದಳು.

“ನಿಮಗ ಯಾವಾಗ ಗೊತ್ತಾತ್ರಿ?”

“ಈಗಷ್ಟೇ,” ಎಂದ ಹೇಮಚಂದ್ರ.

ಆಂಬುಲೆನ್ಸಿನವರು ಮೈತುಂಬ ನೀಲಿ ಪ್ಲಾಸ್ಟಿಕ್ ತೊಟ್ಟು ಬಂದರು. ಬೆರಳಿಗೆ ಏನೋ ಸಿಕ್ಕಿಸಿ ನೋಡಿದವಳು ತನ್ನ ಜೊತೆಯವನಿಗೆ ಒಂದು ಸಂಖ್ಯೆ ಹೇಳಿದಳು; ಅವನು ಇನ್ನೊಮ್ಮೆ ಹೇಳು ಎಂದ. ಕುರ್ಚಿಯ ಮೇಲೆ ಕೂರಿಸಿ ಹೊರಗೆ ತಂದಾಗ ಶೌಕತ್‌ನ ಮುಖದ ತುಂಬ ಆಮ್ಲಜನಕದ ಮಾಸ್ಕು, ಮೇಲೆ ಬರೀ ಕಣ್ಣು. ಗೇಟಿನ ಬಳಿ ನಿಂತವನನ್ನು ಆ ಕಣ್ಣು ಗುರುತಿಸಿದವು. ಶೌಕತ್ ಪಟ್ಟಿಯಿದ್ದ ಕೈಯನ್ನು ಹೊದಿಕೆಯಿಂದ ಹೊರಗೆ ತೆಗೆದು, ಹೊಸ ಗಡಿಯಾರ ತೋರಿಸುವವನ ಹಾಗೆ ಎತ್ತಿ, ಅದನ್ನು ಇನ್ನೊಂದು ಕೈಯ ಬೆರಳಿಂದ ಎರಡು ಸಲ ತಟ್ಟಿದ. ಮಾಸ್ಕಿನೊಳಗೆ ಏನೋ ಹೇಳಿದ, ಅದು ಉಗಿಯಾಗಿ ನಿಂತಿತು. ಹೇಮಚಂದ್ರ ತನ್ನ ಕೈಯನ್ನೂ ಎತ್ತಿದ. ಅಷ್ಟರಲ್ಲಿ ಬಾಗಿಲು ಹಾಕಿದರು. ಮಕ್ಕಳನ್ನು ಬಿಟ್ಟು ಬರುವಂತಿಲ್ಲದೆ, ಬಿಟ್ಟು ಬಂದರೂ ಆಸ್ಪತ್ರೆಯವರು ಒಳಗೆ ಬಿಡದೆ, ಫರ್ಹತ್ ಹೊಸ್ತಿಲಲ್ಲೇ ನಿಂತಿದ್ದಳು. ಅವಳು ಈ ಕಡೆ ನೋಡಲಿಲ್ಲ. ನಿಮಗೇನಾದರೂ ಬೇಕಾ ಎಂದು ಅವನು ಕೇಳಿದ. ಎಲ್ಲ ಅದ, ಅಂಗಡಿ ನಮ್ಮದ ಅಲ್ಲೇನ್ರಿ, ಎಂದು ಬಾಗಿಲು ಮುಂದೆ ಮಾಡಿಕೊಂಡಳು.

ಕಾರಿನಲ್ಲಿ ಕೂತು ತನ್ವಿಗೆ ಫೋನ್ ಮಾಡಿ, ಕಾಯಿಲೆಯ ಮನೆಯ ಹತ್ತಿರ ಹೋಗಿಬಿಟ್ಟೆ ಮಗೂ, ಈಗ ಹತ್ತು ಹದಿನೈದು ದಿನ ಬರುವಂತಿಲ್ಲ, ಎಂದ. ನಿಜವೇ ಆಗಿತ್ತು, ನಿಜವಾಗಿದ್ದರಿಂದಲೇ ಬಾಯಲ್ಲಿ ಸುಳ್ಳಿನ ರುಚಿ. ಆ ಕಡೆ ಅವಳ ಉಸಿರು ಕೇಳಿಸಿತು. ಅದು ಎಂಥ ಉಸಿರೆಂದು ಅವನು ಕಿವಿಗೊಟ್ಟ. ನಿನಗೇನಾಗ್ತಿದೆ ತನ್ವಿ, ಎಂದು ಕೇಳಲು ಬಾಯಿ ತೆರೆದ. “ಗ್ರಾಂಡ್, ಡ್ಯಾಡ್,” ಎಂದು ಅವಳು ಫೋನಿಟ್ಟಳು.

ಮನೆ ಸೇರಿ ಲ್ಯಾಪ್‌ಟಾಪು ತೆರೆದರೆ ಡೆಕ್ಲನ್ ಇಡೀ ತಂಡಕ್ಕೆ ಬರೆದಿದ್ದ: ನಮ್ಮ ಸೋಫಾ ಎದ್ದು ಕೂತಿದೆ, ನೋಡಿ. ಮಧ್ಯಾಹ್ನದ ಹೊತ್ತಿನಲ್ಲಿ ಹದಿನಾಲ್ಕನೇ ನಂಬರಿನ ಎಲ್ಲ ಗೆರೆಗಳೂ ಒಟ್ಟಿಗೆ ಎದ್ದು ನಿಂತಿದ್ದವು, ನಾಡಿ, ಉಸಿರು, ಬೆವರು, ಬಿಸಿ, ಅವನ ಗಣಿತ ಬಯಸುವ ಹಾಗೆಯೇ, ಒಂದೇ ಮಾತನ್ನು ಒಕ್ಕೊರಲಿನಿಂದ ಹೇಳುತ್ತ. ನಂಬರು ಕೆಂಪಾಗಿತ್ತು. ಕಾರಣ ಕೇಳುತ್ತಿತ್ತು. ಓಟ, ಮದ್ಯ, ಲಸಿಕೆ, ಪಟ್ಟಿ ಸಡಿಲ, ಉಪವಾಸ. ಹೇಮಚಂದ್ರ ಸಾಲನ್ನು ಕೊನೆಯವರೆಗೆ ಓದಿ, ಮತ್ತೆ ಮೊದಲಿಗೆ ಬಂದು ‘ಓಟ’ ಎಂದು ಗುರುತು ಮಾಡಿದ. ಹೊರಗೆ ಇನ್ನೂ ಬೆಳಕಿತ್ತು. ದೀಪ ಯಾವಾಗ ಹಾಕಬೇಕೆಂದು ತಿಳಿಯದೆ ಅವನು ಏಳನ್ನು ತೆರೆದ. ಆಸ್ಪತ್ರೆಯವರು ಪಟ್ಟಿಯನ್ನು ಬಿಚ್ಚಿದ್ದರು.

ಶೌಕತ್ ಬದುಕಿದ. ಜೂನ್ ಕೊನೆಗೆ ಮನೆಗೆ ಬಂದ. ಪಟ್ಟಿಯನ್ನು ಫರ್ಹತ್ ಅಂಚೆಯಲ್ಲಿ ಕಂಪನಿಗೆ ವಾಪಸು ಕಳಿಸಿದಳು.